ಸೀಲು ಒಡೆಯುವ ಮೊದಲೇ

ಕಾಜಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಬೀದಿಯ ಮೂರು ಟೈಲರ್ ಅಂಗಡಿಗಳಲ್ಲಿ ಆ ಹೆಸರು ಹಿಡಿದು ಕೇಳಿದರೆ ‘ಅಂಥವರು ಯಾರೂ ಇಲ್ಲಮ್ಮ’ ಅಂತ ವಾಪಸು ಕಳಿಸುತ್ತಾರೆ. ಕಾಜಕ್ಕ ಅಂದರೆ ಸಾಕು, ಕತ್ತರಿ ಹಿಡಿದ ಕೈಯಲ್ಲೇ ಎದುರಿನ ಮಹಡಿಯ ಕಿಟಕಿ ತೋರಿಸುತ್ತಾರೆ.

ಗುಂಡಿ ತೂರುವ ಸೀಳಿಗೆ ಕಾಜಾ ಅನ್ನುತ್ತಾರೆ. ಬಟ್ಟೆಯನ್ನು ಅಳತೆಗೆ ಸರಿಯಾಗಿ ಸೀಳಿ, ಸೀಳಿದ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒತ್ತೊತ್ತಾಗಿ ದಾರ ಹಾಕಬೇಕು. ಮೆಷಿನ್ನು ಬಂದ ಮೇಲೆ ಶರ್ಟುಗಳು ಅತ್ತ ಹೋದವು. ಕೋಟುಗಳು ಮಾತ್ರ ಕಾಜಕ್ಕನ ಹತ್ತಿರವೇ ಬರುತ್ತವೆ. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಹಿಂದಿನ ಎರಡು ಕಾಲನ್ನು ಒಂದಿಂಚು ಗರಗಸದಲ್ಲಿ ಕುಯ್ಸಿ, ಒರಗಿದರೆ ಬೆನ್ನಿಗೆ ಹಿತವಾಗುವ ಹಾಗೆ ಮಾಡಿಕೊಂಡ ಕುರ್ಚಿ ಅದು. ಬೇರೆಯವರು ಕೂತರೆ ಹಿಂದಕ್ಕೆ ಬೀಳುತ್ತೀವೇನೋ ಅಂತ ಹೆದರಿ ಎದ್ದುಬಿಡುತ್ತಾರೆ.

“ಮೆಷಿನ್ ಹಾಕಿದ ಕಾಜಾ ಆರು ತಿಂಗಳಿಗೆ ಬಾಯಿ ಬಿಡತ್ತೆ. ಕಾಜಕ್ಕ ಹಾಕಿದ್ದು ಜನ್ಮದಲ್ಲಿ ಬಾಯಿ ಬಿಡಲ್ಲ,” ಅನ್ನುತ್ತಾನೆ ಕೋಟಿನ ಮಾಸ್ಟರು. “ಬಾಯಿ ಬಿಡೋದು ಏನಿದ್ರೂ ಕಾಜಕ್ಕಾನೇ.”

“ನಿನ್ನ ಕತ್ತರಿ ನೆಟ್ಟಗೆ ನಡೆದಿದ್ರೆ ನಾನ್ಯಾಕೆ ಬಾಯಿ ಬಿಡ್ತಿದ್ದೆ?” ಅಂತ ಕಿಟಕಿಯಿಂದಲೇ ಉತ್ತರ ಬರುತ್ತದೆ.

ಅವಳದೊಂದು ಪದ್ಧತಿ ಇತ್ತು. ಕೋಟು ಮುಗಿಸಿ ಕಳಿಸುವಾಗ ಅದೇ ಬಣ್ಣದ ದಾರವನ್ನು ಬೆರಳಗಲದ ರಟ್ಟಿನ ಪಟ್ಟಿಗೆ ಸುತ್ತಿ ಒಳಜೇಬಿನಲ್ಲಿ ಇಟ್ಟು ಕಳಿಸುವಳು. ಮುಂದೆಂದೋ ಗುಂಡಿ ಸಡಿಲವಾದರೆ ಬಣ್ಣ ಹುಡುಕಿಕೊಂಡು ಅಲೆಯಬಾರದಲ್ಲ. ಯಾರೂ ಕೇಳಿದ್ದಲ್ಲ, ಅದಕ್ಕೆ ಯಾರೂ ಕಾಸು ಕೊಟ್ಟಿದ್ದೂ ಇಲ್ಲ. ಪಟ್ಟಿಗೆ ಬೇಕಾದ ರಟ್ಟು ಮನೆಗೆ ಬರುವ ಡಬ್ಬಿಗಳದ್ದೇ: ಹಲ್ಲುಪುಡಿ, ಸೋಪು, ಬಲ್ಬು, ಮಾತ್ರೆ. ಡಬ್ಬಿ ಖಾಲಿಯಾದ ಗಳಿಗೆಯೇ ಅದು ಕಾಜಕ್ಕನ ಕತ್ತರಿಗೆ ಸಿಕ್ಕಿ ಉದ್ದುದ್ದ ಪಟ್ಟಿಗಳಾಗುತ್ತಿತ್ತು. ಸೊಸೆ ಒಮ್ಮೆ ಹೊಸ ಚಪ್ಪಲಿ ತಂದು, ಅಳತೆ ಸರಿಯಿಲ್ಲವೆಂದು ಬದಲಾಯಿಸಲು ಹೊರಟಾಗ, ಡಬ್ಬಿ ಆಗಲೇ ಹದಿನೆಂಟು ಪಟ್ಟಿಯಾಗಿ ಕೂತಿತ್ತು. “ಅತ್ತೆ, ನಾನು ನಿದ್ದೆ ಮಾಡುವಾಗ ನನ್ನನ್ನು ಮಾತ್ರ ಪಟ್ಟಿ ಮಾಡಬೇಡಿ,” ಅಂದಿದ್ದಳು ಸೊಸೆ. ಮೂರು ದಿನ ಮನೆಯಲ್ಲಿ ಅದೇ ನಗು.

ಮನೆಯೆಂದರೆ ನಾಲ್ಕು ಜನ. ಮಗ ಲಿಫ್ಟ್ ರಿಪೇರಿಯವನು. ಬೆಳಗ್ಗೆ ಹೋದರೆ ಯಾವ ಕಟ್ಟಡದ ಯಾವ ಮಹಡಿಯಲ್ಲಿ ನೇತಾಡುತ್ತಿದ್ದಾನೋ ಯಾರಿಗೂ ಗೊತ್ತಿಲ್ಲ. ಸೊಸೆ ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುತ್ತಾಳೆ. ಇನ್ನು ಮೊಮ್ಮಗಳು ಗುಬ್ಬಿ. ಈ ಕಥೆ ಶುರುವಾದಾಗ ಅವಳಿಗೆ ಎರಡೂವರೆ ವರ್ಷ. ಸೊಸೆ ಕೆಲಸಕ್ಕೆ ಹೋದ ಮೇಲೆ ಗುಬ್ಬಿಯ ಸ್ನಾನ, ಊಟ, ನಿದ್ದೆ, ಜಗಳ ಎಲ್ಲ ಅಜ್ಜಿಯ ಸುಪರ್ದಿಗೆ.

ಒಂದು ಸೋಮವಾರ ಗುಬ್ಬಿಯ ಎಡಗಣ್ಣು ಕೆಂಪಾಯಿತು, ರೆಪ್ಪೆ ಅಂಟಿಕೊಂಡಿತ್ತು. ಬೀದಿ ತುದಿಯ ಡಾಕ್ಟರು ನೋಡಿ, ಮಕ್ಕಳಿಗೆ ಬರೋದೇ ಇದು, ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಿ ಅಂದರು. ಸೊಸೆ ಬರುವ ದಾರಿಯಲ್ಲಿ ಔಷಧಿ ಅಂಗಡಿಯಿಂದ ತಂದಳು. ಬೆಳಗಿನ ಹನಿ, ಮಲಗುವ ಹೊತ್ತಿನ ಹನಿ ಅಮ್ಮನದು; ನಡುವಿನ ಎರಡು ಅಜ್ಜಿಯದು. ಸೀಸೆ ಡಬ್ಬಿಯಿಂದ ಹೊರಗೆ ಬಂತೋ ಇಲ್ಲವೋ, ಡಬ್ಬಿ ಪಟ್ಟಿಯಾಗಿತ್ತು.

ಗುರುವಾರದ ಹೊತ್ತಿಗೆ ಕಣ್ಣು ಊದಿಕೊಂಡು ಬಿಡಲಾಗದ ಹಾಗಾಯಿತು. ಮಗು ಬೆಳಕು ಕಂಡರೆ ಚೀರುತ್ತಿತ್ತು. ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದರು. ಬಾಗಿಲಲ್ಲಿ ಸಿಕ್ಕ ಎಳೆಯ ಡಾಕ್ಟರೊಬ್ಬರು “ಮೊದಲು ಆ ಡ್ರಾಪ್ಸ್ ಬಿಸಾಕಿ” ಅಂದರು. ಗಾಬರಿಯಲ್ಲಿದ್ದ ಮಗ ಸೀಸೆಯನ್ನು ಅಲ್ಲೇ ಇದ್ದ ಕಸದ ಬುಟ್ಟಿಗೆ ಹಾಕಿಬಿಟ್ಟ. ಆಮೇಲೆ ಅದೇ ಡಾಕ್ಟರು ಬರೆದುಕೊಳ್ಳುತ್ತಾ, ತಲೆ ಎತ್ತದೆ, ಒಂದು ಪ್ರಶ್ನೆ ಕೇಳಿದರು.

“ಡ್ರಾಪ್ಸ್ ಹಾಕಿದ್ದು ಯಾರು? ಕೈ ತೊಳೆದಿದ್ರಾ? ಸೀಸೆ ತುದಿ ಕಣ್ಣಿಗೆ ತಾಗಿಸಿದ್ರಾ?”

ಕೇಳಬೇಕಾದ ಪ್ರಶ್ನೆಯೇ ಅದು, ಅವರ ತಪ್ಪಿಲ್ಲ. ಆದರೆ ಆ ಗಳಿಗೆಯಲ್ಲಿ ಕಾಜಕ್ಕ ತನ್ನ ಎರಡೂ ಕೈಯನ್ನು ನೋಡಿಕೊಂಡಳು. ತೋರುಬೆರಳಿನ ತುದಿಯಲ್ಲಿ ದಾರಕ್ಕೆ ಸವರುವ ಮೇಣ ಇತ್ತು. ಉಗುರಿನ ಸಂದಿಯಲ್ಲಿ ಗುರುತು ಹಾಕುವ ಸೀಮೆಸುಣ್ಣದ ನೀಲಿ. ಸೆರಗಿನೊಳಗೆ ಕೈ ಸುತ್ತಿಕೊಂಡವಳು ಮನೆಗೆ ಬರುವ ತನಕ ಹೊರಗೆ ತೆಗೆಯಲಿಲ್ಲ.

ಕಣ್ಣು ಉಳಿಸಿದವರು ಆ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮ. ಹದಿನಾರು ದಿನ ಮಗುವನ್ನು ತಮ್ಮ ಕಣ್ಣಿನಂತೆಯೇ ನೋಡಿಕೊಂಡರು. ಪೂರ್ತಿ ಉಳಿಯಲಿಲ್ಲ, ಕಪ್ಪು ಗುಡ್ಡೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಲೆ ನಿಂತಿತು, ಎಡಗಣ್ಣಿನ ನೋಟ ಅರ್ಧಕ್ಕೆ ಇಳಿಯಿತು. ಆದರೆ ಕಣ್ಣೇ ಹೋಗುವುದಿತ್ತು, ಹೋಗಲಿಲ್ಲ. ಡಾಕ್ಟರಮ್ಮ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಮೊದಲ ದಿನವೇ ಕಣ್ಣಿನ ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಯಾವ ರೋಗಾಣು ಎಂದು ಬರೆಸಿ ಇಟ್ಟುಕೊಂಡಿದ್ದರು. ಆ ತಿಂಗಳು ಇಂಥದೇ ಕಣ್ಣಿನ ಇನ್ನೂ ಐದು ಮಕ್ಕಳು ಬಂದಾಗ ಅವರಿಗೆ ಅನುಮಾನ ಬಂತು. ಆರು ಮನೆಯವರನ್ನೂ ಕೂರಿಸಿ ಯಾವ ಡ್ರಾಪ್ಸ್ ಎಂದು ಕೇಳಿದರು. ಎಲ್ಲರದೂ ಒಂದೇ ಕಂಪನಿ.

ಔಷಧ ತಪಾಸಣೆಯವರು ಅಂಗಡಿಗಳಿಂದ ಸೀಲು ಒಡೆಯದ ಸೀಸೆಗಳನ್ನು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಎಂಟರಲ್ಲಿ ಕೊನೆಯಾಗುವ ಒಂದು ಬ್ಯಾಚ್ ನಂಬರಿನ ಸೀಸೆಗಳಲ್ಲೆಲ್ಲ ಅದೇ ರೋಗಾಣು. ಕಂಪನಿ ಆ ಬ್ಯಾಚನ್ನು ಮಾರುಕಟ್ಟೆಯಿಂದ ವಾಪಸು ತರಿಸಿಕೊಂಡಿತು. ಆರು ಮನೆಯವರೂ ಸೇರಿ ಒಬ್ಬ ವಕೀಲಮ್ಮನನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು.

ಉಳಿದ ಐದು ಮಕ್ಕಳ ವಿಷಯದಲ್ಲಿ ಕಂಪನಿಯವರು ಹೆಚ್ಚು ಮಾತಾಡಲಿಲ್ಲ. ಆ ಮನೆಯವರ ಹತ್ತಿರ ನಂಬರಿರುವ ಸೀಸೆಯೋ ಡಬ್ಬಿಯೋ ಇತ್ತು. ಗುಬ್ಬಿಯ ವಿಷಯದಲ್ಲಿ ಮಾತ್ರ ಬೇರೆ ಉತ್ತರ ಬಂತು. ‘ಈ ಮಗುವಿಗೆ ಹಾಕಿದ್ದು ನಮ್ಮ ಕೆಟ್ಟ ಬ್ಯಾಚೇ ಎನ್ನಲು ಪುರಾವೆ ಇಲ್ಲ. ಆ ವಾರ ಅದೇ ಅಂಗಡಿಯಲ್ಲಿ ಒಂಬತ್ತರಲ್ಲಿ ಕೊನೆಯಾಗುವ ಒಳ್ಳೆಯ ಬ್ಯಾಚೂ ಮಾರಾಟದಲ್ಲಿತ್ತು. ಹೊಲಿಗೆ ಕೆಲಸದ ಕೈಯಲ್ಲಿ ಔಷಧ ಹಾಕಿದ್ದರಿಂದ ಸೋಂಕು ತಗುಲಿರುವ ಸಾಧ್ಯತೆಯೇ ಹೆಚ್ಚು.’

ಅದನ್ನು ಓದಿ ಹೇಳುವಾಗ ವಕೀಲಮ್ಮ ಕೊನೆಯ ಸಾಲನ್ನು ನುಂಗಿಕೊಂಡರು. ಆದರೆ ಕಾಗದ ಮೇಜಿನ ಮೇಲಿತ್ತು. ಕಾಜಕ್ಕನಿಗೆ ಓದಲು ಬರುತ್ತದೆ.

ಅಲ್ಲಿಯವರೆಗೆ ಅವಳ ಒಳಗೆ ಎಲ್ಲೋ ಒಂದು ಆಸೆ ಇತ್ತು: ತಪ್ಪು ಸೀಸೆಯದು, ತನ್ನದಲ್ಲ. ಈಗ ಆರರಲ್ಲಿ ಐದು ಅಜ್ಜಿಯರಿಗೆ, ಅಮ್ಮಂದಿರಿಗೆ ಬಿಡುಗಡೆಯಾಯಿತು, ತಾನೊಬ್ಬಳು ಮಾತ್ರ ಉಳಿದುಕೊಂಡೆ ಅನ್ನಿಸಿತು. ಆಸ್ಪತ್ರೆಯಿಂದ ಬಂದಾಗಿನಿಂದಲೂ ಅವಳು ಗುಬ್ಬಿಯನ್ನು ಮುಟ್ಟುವುದು ಕಡಿಮೆ ಮಾಡಿದ್ದಳು. ಈಗ ಪೂರ್ತಿ ನಿಲ್ಲಿಸಿದಳು. ಮಗು ತೊಡೆ ಹತ್ತಲು ಬಂದರೆ “ಸೂಜಿ ಇದೆ ಕಂದಾ, ದೂರ” ಅನ್ನುವಳು. ಸೂಜಿ ಇಲ್ಲದಾಗಲೂ ಅದೇ ಮಾತು. ಊಟ ಕಲಸಿ ತಟ್ಟೆಗೆ ಚಮಚ ಹಾಕಿಟ್ಟು ದೂರ ಕೂರುವಳು. ಮಧ್ಯಾಹ್ನದ ಹನಿ ಹಾಕಲು ಸೊಸೆಯೇ ಊಟದ ಬಿಡುವಿನಲ್ಲಿ ಎರಡು ಬಸ್ಸು ಬದಲಾಯಿಸಿ ಓಡಿ ಬರುತ್ತಿದ್ದಳು.

“ಅಮ್ಮ, ನಿನ್ನನ್ನು ಯಾರು ಏನಂದ್ರು?” ಅಂತ ಮಗ ಒಂದು ದಿನ ರೇಗಿದ. “ನಾನು ಅಂದ್ನಾ? ಇವಳು ಅಂದಳಾ?”

“ನೀವ್ಯಾರೂ ಅನ್ನಲ್ಲಪ್ಪ. ಈ ಕೈ ಅನ್ನತ್ತೆ.”

ಸೊಸೆ ಕೇಳಿದಳು, “ಅತ್ತೆ, ಆ ಡ್ರಾಪ್ಸಿನ ಡಬ್ಬಿ ಏನು ಮಾಡಿದ್ರಿ?”

ಕಾಜಕ್ಕ ದಾರದ ಪೆಟ್ಟಿಗೆಯ ಕಡೆ ನೋಡಿದಳು.

ದಾರದ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದರು. ಇನ್ನೂರಕ್ಕೂ ಹೆಚ್ಚು ಪಟ್ಟಿ, ಒಂದೊಂದಕ್ಕೂ ಒಂದೊಂದು ಬಣ್ಣ. ಯಾವುದರ ಕೆಳಗೆ ಯಾವ ಡಬ್ಬಿ ಇದೆಯೆಂದು ಬಿಚ್ಚದೆ ತಿಳಿಯುವ ಹಾಗಿಲ್ಲ. ಮೂವರೂ ಕೂತು ಬಿಚ್ಚಿದರು. ಗುಬ್ಬಿ ದಾರದ ರಾಶಿಯಲ್ಲಿ ಹೊರಳಾಡಿ ತಾನೇ ಒಂದು ಉಂಡೆಯಾದಳು. ಸೋಪು ಬಂತು, ಬಲ್ಬು ಬಂತು, ಆ ಚಪ್ಪಲಿ ಡಬ್ಬಿಯೂ ಬಂತು.

“ನೋಡಿ ಅತ್ತೆ, ನನ್ನ ಚಪ್ಪಲಿ!” ಅಂದಳು ಸೊಸೆ.

ಬಿಳಿ ದಾರದ ಒಂದು ಪಟ್ಟಿ ಬಿಚ್ಚಿದಾಗ ಮಗ ಕೂಗಿದ. ಅದೇ ಡಬ್ಬಿ, ಔಷಧದ ಹೆಸರಿದೆ, ಪಕ್ಕದಲ್ಲಿ ನಂಬರೂ ಇದೆ. ಆದರೆ ಅರ್ಧ. ಕಾಜಕ್ಕನ ಕತ್ತರಿ ಡಬ್ಬಿಯ ಆ ಬದಿಯನ್ನು ಉದ್ದಕ್ಕೆ ಸೀಳುವಾಗ ನಂಬರಿನ ಸಾಲಿನ ನಡುವೆಯೇ ಹೋಗಿತ್ತು. ಅಂಕಿಗಳ ಮೇಲರ್ಧ ಮಾತ್ರ ಈ ಪಟ್ಟಿಯಲ್ಲಿ. ಕೊನೆಯ ಅಂಕಿ ಒಂದು ಕಮಾನಿನ ಹಾಗೆ ಕಾಣುತ್ತಿತ್ತು. ಎಂಟಾಗಬಹುದು, ಒಂಬತ್ತಾಗಬಹುದು, ಸೊನ್ನೆಯೂ ಆಗಬಹುದು.

“ನೆಟ್ಟಗೆ ಕತ್ತರಿಸೋಕೆ ಬರಲ್ಲ ಅಂತ ಮಾಸ್ಟರಿಗೆ ಬೈತೀಯಲ್ಲಮ್ಮ,” ಅಂದ ಮಗ, ಅಳುವೋ ನಗುವೋ ತಿಳಿಯದ ದನಿಯಲ್ಲಿ. “ನೀನು ಒಂದು ಎಳೆ ಸೊಟ್ಟಗೆ ಕತ್ತರಿಸಿದ್ರೆ ಸಾಕಿತ್ತು.”

ಉಳಿದ ಪಟ್ಟಿಗಳಲ್ಲಿ ಕೆಳಗಿನ ಅರ್ಧ ಸಿಗಲಿಲ್ಲ. ಅಂದರೆ ಯಾರದೋ ಕೋಟಿನ ಜೇಬಿಗೆ ಹೋಗಿದೆ.

ಇಲ್ಲಿ ಕಾಜಕ್ಕನ ತಲೆ ಕೆಲಸ ಮಾಡಿದ ರೀತಿ ನೋಡಬೇಕು. ತಾರೀಖು ಅವಳಿಗೆ ನೆನಪಿರುವುದಿಲ್ಲ, ಬಣ್ಣ ನೆನಪಿರುತ್ತದೆ. ಕಣ್ಣು ಮುಚ್ಚಿ ಕೂತಳು. “ಗುಬ್ಬಿ ಕಣ್ಣು ಕೆಂಪಾದ ದಿನ ನಾನು ಬೂದು ಕೋಟು ಮುಗಿಸ್ತಾ ಇದ್ದೆ. ಅದಕ್ಕೆ ಪಟ್ಟಿ ಆಗಲೇ ಸುತ್ತಿಟ್ಟಿದ್ದೆ. ಮಾರನೇ ದಿನ ಬಂದಿದ್ದು ಹಸಿರು. ಕಡುಹಸಿರು, ಹಿತ್ತಾಳೆ ಗುಂಡಿ. ನಾಲ್ಕು ಕೋಟು. ಸ್ಟೇಷನ್ ಎದುರಿನ ದೊಡ್ಡ ಹೋಟೆಲ್ಲಿನ ಬಾಗಿಲು ಕಾಯೋರದ್ದು.”

ಮಾರನೇ ದಿನ ಅತ್ತೆ ಸೊಸೆ ಇಬ್ಬರೂ ಹೋಟೆಲ್ಲಿಗೆ ಹೋದರು. ಗಾಜಿನ ಬಾಗಿಲ ಬಳಿ ಎತ್ತರದ ಆಳೊಬ್ಬ ಹಸಿರು ಕೋಟಿನಲ್ಲಿ ನಿಂತಿದ್ದ. ಕಾಜಕ್ಕ ಅವನ ಮುಖ ನೋಡಲಿಲ್ಲ. ಸೀದಾ ಎದೆಯ ಕಾಜಾ ನೋಡಿ “ನಂದೇ” ಅಂದಳು.

“ಏನಮ್ಮ ನಿಮ್ಮದು?” ಅಂದ ಅವನು ಹೌಹಾರಿ.

ವಿಷಯ ತಿಳಿದ ಮೇಲೆ ಆ ಮನುಷ್ಯ ಮಾಡಿದ ಉಪಕಾರ ಸಣ್ಣದಲ್ಲ. ಬಾಗಿಲನ್ನು ಸಾಮಾನು ಹೊರುವ ಹುಡುಗನಿಗೆ ಒಪ್ಪಿಸಿ, ಒಳಗೆ ಬಟ್ಟೆ ಬದಲಿಸುವ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಗೆ ತೂಗುಹಾಕಿದ್ದ ಕೋಟುಗಳ ಜೇಬನ್ನೆಲ್ಲ ಮಗುಚಿದ. ಮೂರು ಜೇಬಿನಲ್ಲಿ ಪಟ್ಟಿ ಇತ್ತು, ಮೂರೂ ಬಿಸ್ಕತ್ತಿನ ಡಬ್ಬಿಯದ್ದು. ನಾಲ್ಕನೆಯ ಕೋಟು ಅವನದೇ. ಅವನ ಒಳಜೇಬಿನಲ್ಲಿ ಬಸ್ ಟಿಕೆಟ್ಟುಗಳ ಸುರುಳಿಯ ನಡುವೆ, ಒಂದೆಳೆಯೂ ಬಿಚ್ಚದ ಹಸಿರು ದಾರದ ಪಟ್ಟಿ.

“ಇದನ್ನು ಬಳಸೋ ಯೋಗವೇ ಬರಲಿಲ್ಲ ನೋಡಿ ಅಮ್ಮ,” ಅಂದ. “ಹೊಟ್ಟೆ ಬೆಳೆದು ಕೋಟು ಹೊಲಿಗೆ ಬಿಟ್ಟಿತು, ಎರಡು ಸಲ. ನೀವು ಹಾಕಿದ ಗುಂಡಿ ಮಾತ್ರ ಅಲ್ಲಾಡಲಿಲ್ಲ.”

ಕಾಜಕ್ಕ ಪಟ್ಟಿಯನ್ನು ಸೊಸೆಯತ್ತ ಚಾಚಿದಳು. ದಾರ ಬಿಚ್ಚಿದ್ದು ಸೊಸೆ. ಕೈಚೀಲದಿಂದ ಮೊದಲ ಪಟ್ಟಿ ತೆಗೆದು ಎರಡರ ಅಂಚನ್ನೂ ಸೇರಿಸಿ ಹಿಡಿದಳು. ಕಮಾನಿನ ಕೆಳಗೆ ನಡು ಸಣ್ಣಗಾಗಿ ಇನ್ನೊಂದು ಬಟ್ಟಲು ಕೂತಿತು. ಎಂಟು.

ಹಸಿರು ಕೋಟಿನವನು ಸಾಕ್ಷಿ ಹೇಳಲು ಬಂದ, ಒಂದು ದಿನದ ಕೆಲಸ ಬಿಟ್ಟು. ಔಷಧಿ ಅಂಗಡಿಯವನೂ ಬಂದ. ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಯುವ ಜಾಗದಲ್ಲಿ ಗೀಟು ಎಳೆದಿದ್ದು ತನ್ನ ಸೋಮಾರಿತನ ಎಂದು ನ್ಯಾಯಾಧೀಶರ ಎದುರು ಒಪ್ಪಿಕೊಂಡ. ಒಪ್ಪಿಕೊಂಡರೆ ತನ್ನ ಲೈಸೆನ್ಸಿಗೆ ತೊಂದರೆ ಎಂದು ಗೊತ್ತಿದ್ದೂ ಬಂದಿದ್ದ. ಈಗ ಆ ಅಂಗಡಿಯಲ್ಲಿ ಒಂದು ತಲೆನೋವಿನ ಮಾತ್ರೆ ಕೊಂಡರೂ ನಂಬರು ಬರೆದುಕೊಡುತ್ತಾನೆ. ಬೀದಿಯವರೆಲ್ಲ ಬೈದುಕೊಂಡೇ ಕಾಯುತ್ತಾರೆ.

ಕಾಜಕ್ಕನ ಸರದಿ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಕಂಪನಿಯ ವಕೀಲರು ಮಾತಿನಲ್ಲಿ ಬಹಳ ಮೃದು.

“ನೀವು ದಿನಕ್ಕೆ ಎಷ್ಟು ಗಂಟೆ ಹೊಲಿಗೆ ಮಾಡ್ತೀರಮ್ಮ?”

“ಬೆಳಕಿರೋ ತನಕ, ಸ್ವಾಮಿ.”

“ಕೈಯಲ್ಲಿ ಮೇಣ, ಬಣ್ಣ, ಧೂಳು ಇರೋದು ಸಹಜ ಅಲ್ವಾ?”

“ಬಿಳಿ ಕೋಟಿಗೂ ಕಾಜಾ ಹಾಕೋ ಕೈ ಇದು ಸ್ವಾಮಿ. ಕೊಳೆ ಇದ್ದಿದ್ದರೆ ಮೊದಲು ಕೋಟೇ ಹೇಳ್ತಿತ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕೋಟಿನ ಮಾಸ್ಟರೇ ಇರಬೇಕು, ಅಂಗಡಿ ಮುಚ್ಚಿ ಬಂದಿದ್ದ. ವಕೀಲರೂ ಮುಗುಳ್ನಕ್ಕು, ಒಂದು ಹೆಜ್ಜೆ ಮುಂದೆ ಬಂದರು.

“ಸೀಸೆಯ ತುದಿ ಮಗುವಿನ ಕಣ್ಣಿಗಾಗಲಿ, ನಿಮ್ಮ ಬೆರಳಿಗಾಗಲಿ ಒಂದು ಸಲವೂ ತಾಗಲಿಲ್ಲ ಅಂತ ಹೇಳ್ತೀರಾ?”

ಈ ಪ್ರಶ್ನೆ ಬಂದೇ ಬರುತ್ತದೆ, ‘ತಾಗಿದ್ದು ನೆನಪಿಲ್ಲ’ ಅಂದುಬಿಡಿ ಎಂದು ವಕೀಲಮ್ಮ ಹೇಳಿಕೊಟ್ಟಿದ್ದರು. ಕಾಜಕ್ಕ ಸ್ವಲ್ಪ ಹೊತ್ತು ಮರದ ಕಟಕಟೆಯ ಅಂಚನ್ನು ಸವರಿದಳು.

“ಹೇಳಲ್ಲ ಸ್ವಾಮಿ. ಎರಡನೇ ದಿನ ಮಧ್ಯಾಹ್ನ ಮಗು ತಲೆ ಕೊಡವಿತು. ತುದಿ ರೆಪ್ಪೆಗೆ ತಾಗಿತು. ನಾನು ಒರೆಸಿ ಮುಚ್ಚಳ ಹಾಕಿದೆ. ಒಂದು ಸಲ. ತಾಗಿದ್ದು ನಿಜ.”

ಕಂಪನಿಯ ವಕೀಲರು ಇಷ್ಟನ್ನು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ. ಇನ್ನು ಕೇಳುವುದೇನೂ ಇಲ್ಲ ಎಂದು ಕೂತರು.

ಹೊರಗೆ ಮೆಟ್ಟಿಲ ಮೇಲೆ ವಕೀಲಮ್ಮ ತಲೆಗೆ ಕೈ ಹಚ್ಚಿಕೊಂಡರು. “ಯಾಕಮ್ಮಾ ಹಾಗೆ ಹೇಳಿದ್ರಿ? ಎರಡು ವರ್ಷದ ಕೆಲಸ. ತುದಿ ಮುಟ್ಟಬಾರದು ಅಂತ ಅವರ ಚೀಟಿಯಲ್ಲೇ ಅಚ್ಚಾಗಿದೆ. ಈಗ ಅದನ್ನೇ ಹಿಡಿದುಕೊಳ್ತಾರೆ.”

“ಹಿಡಿದುಕೊಳ್ಳಲಿ ಬಿಡಿ.”

“ಕೇಸು ಬಿದ್ದುಹೋದರೆ?”

“ಸುಳ್ಳು ಹೇಳಿ ಗೆದ್ದರೆ ಕೋರ್ಟು ನಂಬತ್ತೆ ವಕೀಲಮ್ಮ. ನಾನು ನಂಬಬೇಕಲ್ಲ?”

ವಕೀಲಮ್ಮ ಸೊಸೆಯ ಮುಖ ನೋಡಿದರು. ಸೊಸೆಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಮಗುವಿನ ಮುಂದಿನ ಆಪರೇಷನ್ನು, ಕನ್ನಡಕ, ವರ್ಷವರ್ಷದ ತಪಾಸಣೆ ಎಲ್ಲ ಆ ತೀರ್ಪಿನ ಮೇಲೆ ನಿಂತಿತ್ತು. ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಮೂರು ನಿಲ್ದಾಣ ಕಳೆದ ಮೇಲೆ ಅವಳೇ ಮಾತಾಡಿದಳು.

“ಬೆಳಗಿನ ಹನಿ ಹಾಕುವಾಗ ನಾನೂ ತಾಗಿಸಿದ್ದೆ ಅತ್ತೆ. ಎರಡು ಸಲ. ನನ್ನನ್ನು ಯಾರೂ ಕೇಳಲಿಲ್ಲ.”

ಕಾಜಕ್ಕ ಅವಳತ್ತ ತಿರುಗಿದಳು. ಎರಡು ವರ್ಷದಲ್ಲಿ ಮೊದಲ ಸಲ, ತಾನಾಗಿಯೇ, ಸೊಸೆಯ ಮುಂಗೈ ಹಿಡಿದುಕೊಂಡಳು. ಬೆರಳಿನ ಮೇಣ ಅಂಟುತ್ತದೆ ಎಂದು ಆಮೇಲೆ ನೆನಪಾಗಿ ಬಿಡಲು ಹೋದಳು. ಸೊಸೆ ಬಿಡಲಿಲ್ಲ. ನಿಲ್ದಾಣ ದಾಟಿಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ವಾಪಸು ನಡೆದುಕೊಂಡು ಬಂದರು.

ತೀರ್ಪು ಬರಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಆ ಹೊತ್ತಿಗೆ ಗುಬ್ಬಿ ಶಾಲೆಗೆ ಹೋಗುತ್ತಿದ್ದಳು, ಕೆಂಪು ಚೌಕಟ್ಟಿನ ದಪ್ಪ ಕನ್ನಡಕ ಹಾಕಿಕೊಂಡು. ಅಜ್ಜಿ ಮುಟ್ಟುವುದಿಲ್ಲ ಎನ್ನುವುದು ಅವಳಿಗೆ ಮನೆಯ ಒಂದು ನಿಯಮದ ಹಾಗೆ ರೂಢಿಯಾಗಿತ್ತು. ಕಥೆ ಹೇಳಲು ಅಜ್ಜಿ, ತಲೆ ಬಾಚಲು ಅಮ್ಮ. ಅವಳು ಅದನ್ನು ಪ್ರಶ್ನಿಸಿದವಳೇ ಅಲ್ಲ, ಅದೇ ಕಾಜಕ್ಕನಿಗೆ ಎಲ್ಲಕ್ಕಿಂತ ಚುಚ್ಚುತ್ತಿತ್ತು.

ನ್ಯಾಯಾಲಯದ ಮೊಗಸಾಲೆಯ ಉದ್ದನೆ ಬೆಂಚಿನಲ್ಲಿ ಆರು ಮನೆಯವರೂ ಕೂತಿದ್ದರು. ವಕೀಲಮ್ಮ ಕಾಗದದ ಕಟ್ಟು ಹಿಡಿದು ಬಂದು, ಉಸಿರು ಸುಧಾರಿಸಿಕೊಳ್ಳದೆ “ಆರೂ” ಅಂದರು. “ಆರೂ ಮಕ್ಕಳು. ಪೂರ್ತಿ.”

ಮಕ್ಕಳು ದೊಡ್ಡವರಾಗುವ ತನಕ ಕಣ್ಣಿನ ಖರ್ಚೆಲ್ಲ ಕಂಪನಿಯದ್ದು, ಅದರ ಮೇಲೆ ಪರಿಹಾರ ಬೇರೆ. ಅಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಗ ಗೋಡೆಯ ಕಡೆ ತಿರುಗಿ ನಿಂತ. ಕಾಜಕ್ಕ ಮಾತ್ರ ಕೂತಲ್ಲೇ ಕೂತಿದ್ದಳು.

“ನಂದು ಏನಂತ ಬರೆದಿದ್ದಾರೆ?”

“ಗೆದ್ದಿರಮ್ಮ, ಹೇಳಿದ್ನಲ್ಲ.”

“ಅದಲ್ಲ. ತುದಿ ತಾಗಿದ್ದು. ಅದಕ್ಕೆ ಏನು ಬರೆದಿದ್ದಾರೆ?”

ವಕೀಲಮ್ಮ ಅವಳ ಪಕ್ಕ ಕೂತು ಹಾಳೆ ಮಗುಚಿ, ನಿಧಾನವಾಗಿ ಓದಿದರು.

‘ಈ ಸಾಕ್ಷಿಯು ತನಗೆ ಪ್ರತಿಕೂಲವಾದ ಸಂಗತಿಯನ್ನೂ ಮುಚ್ಚಿಡದೆ ಹೇಳಿದ್ದರಿಂದ ಆಕೆಯ ಉಳಿದ ಮಾತುಗಳನ್ನು ನಂಬಲು ಹಿಂಜರಿಕೆಯಿಲ್ಲ. ಪುಟ್ಟ ಮಗುವಿಗೆ ಹನಿ ಹಾಕುವಾಗ ಸೀಸೆಯ ತುದಿ ಒಮ್ಮೆ ತಾಗುವುದು ಯಾವ ಮನೆಯಲ್ಲಿಯೂ ನಡೆಯಬಹುದಾದದ್ದು. ಔಷಧವು ಬಳಕೆಯಾಗುವುದು ಸಾಮಾನ್ಯ ಮನೆಗಳಲ್ಲಿ, ಸಾಮಾನ್ಯರ ಕೈಗಳಲ್ಲಿ. ತಯಾರಕರು ಇದನ್ನು ತಿಳಿದೇ ತಯಾರಿಸಬೇಕು. ಮಗುವಿನ ಕಣ್ಣಿನಲ್ಲಿ ಸಿಕ್ಕ ರೋಗಾಣುವೇ ಅದೇ ಬ್ಯಾಚಿನ ಮುಚ್ಚಿದ ಸೀಸೆಗಳಲ್ಲಿಯೂ ಸಿಕ್ಕಿದೆ. ಸೀಲು ಒಡೆಯುವ ಮೊದಲೇ ನಡೆದುಹೋದ ತಪ್ಪನ್ನು, ಅದನ್ನು ನಂಬಿ ಒಡೆದವರ ಕೈಯ ಮೇಲೆ ಹೊರಿಸಲಾಗದು. ಎಚ್ಚರಿಕೆಯ ಚೀಟಿ ಹಾಕಿದ ಮಾತ್ರಕ್ಕೆ ತಯಾರಕರ ಹೊಣೆ ತಪ್ಪುವುದಿಲ್ಲ.’

“ಇನ್ನೊಂದ್ಸಲ ಓದಿ,” ಅಂದಳು ಕಾಜಕ್ಕ.

ಓದಿದರು. ಇನ್ನೊಂದು ಸಲ ಓದಿಸಿದಳು. ಆಮೇಲೆ ಹಾಳೆ ತೆಗೆದುಕೊಂಡು ತಾನೇ ಓದಿದಳು, ತುಟಿ ಅಲ್ಲಾಡಿಸುತ್ತಾ. ‘ನಂಬಿ ಒಡೆದವರ ಕೈ’ ಎನ್ನುವಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತಳು. ನ್ಯಾಯಾಧೀಶರು ಎದುರಿಗೆ ಸಿಕ್ಕರೆ ಏನಾದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಿತ್ತಂತೆ. ಅವರು ಆಗಲೇ ಬೇರೆ ಬಾಗಿಲಿಂದ ಊಟಕ್ಕೆ ಹೋಗಿದ್ದರು. ಗುಮಾಸ್ತನಿಗೆ, ಬಾಗಿಲ ಬಳಿಯ ಜವಾನನಿಗೆ, ಕೊನೆಗೆ ಲಿಫ್ಟ್ ನಡೆಸುವವನಿಗೂ “ಒಳ್ಳೆಯದಾಗಲಪ್ಪ” ಅಂದಳು. ಲಿಫ್ಟಿನವನು ಯಾಕೆಂದು ತಿಳಿಯದೆ “ನಿಮಗೂ” ಅಂದ. ಮಗ ತಲೆ ಎತ್ತಿ ಲಿಫ್ಟಿನ ಸದ್ದು ಕೇಳಿ, “ಅಮ್ಮ, ಇದರ ಬೇರಿಂಗು ಹೋಗಿದೆ, ಇದಕ್ಕೂ ಆಶೀರ್ವಾದ ಮಾಡು” ಅಂದ. ಎಷ್ಟೋ ಕಾಲದ ಮೇಲೆ ಮೂವರೂ ಒಟ್ಟಿಗೆ ನಕ್ಕರು.

ಮನೆಗೆ ಬಂದಾಗ ಗುಬ್ಬಿ ಪಕ್ಕದ ಮನೆಯಿಂದ ಬಾಯಿ ಮುಚ್ಚಿಕೊಂಡು ಬಂದಳು. ಬೆಳಗ್ಗೆಯಿಂದ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಈಗ ಒಂದೇ ಎಳೆಯಲ್ಲಿ ನಿಂತಿತ್ತು. ಏನನ್ನೂ ಅಗಿಯಲು ಆಗುತ್ತಿರಲಿಲ್ಲ.

“ಅಮ್ಮ, ಕೀಳು.”

ಸೊಸೆ ಬಗ್ಗಿ ನೋಡಿ ಹಿಂದೆ ಸರಿದಳು. “ಅಯ್ಯೋ, ನನ್ನ ಕೈಲಾಗಲ್ಲಪ್ಪ. ರಕ್ತ ನೋಡಿದ್ರೆ ನಂಗೆ ಆಗಲ್ಲ. ಅಪ್ಪನ್ನ ಕೇಳು.”

“ನನ್ನ ಕೈಯಲ್ಲಿ ಗ್ರೀಸು,” ಅಂದ ಮಗ. ಅವನ ಕೈಯಲ್ಲಿ ಅಂದು ಗ್ರೀಸಿರಲಿಲ್ಲ. ಕೋರ್ಟಿಗೆಂದು ಸೋಪು ಹಾಕಿ ಉಜ್ಜಿಕೊಂಡು ಹೋಗಿದ್ದ.

ಗುಬ್ಬಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಜ್ಜಿಯ ಕಡೆ ತಿರುಗಲೇ ಇಲ್ಲ. ತಾನೇ ಎರಡು ಬೆರಳು ಬಾಯಿಗೆ ಹಾಕಿಕೊಂಡಳು.

“ತಡಿ ಕಂದಾ,” ಅಂದಳು ಕಾಜಕ್ಕ.

ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಬಹಳ ಹೊತ್ತು ಹರಿಯಿತು. ಸೊಸೆ ಎದ್ದು ಹೋಗಬೇಕೆಂದುಕೊಂಡು, ಹೋಗಲಿಲ್ಲ. ಕಾಜಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆ ತಟ್ಟಿದಳು.

ಗುಬ್ಬಿ ಅನುಮಾನದಿಂದ ನೋಡಿದಳು. “ಸೂಜಿ?”

“ಇಲ್ಲ. ಬಾ.”

ಮಗು ತೊಡೆಯ ಮೇಲೆ ತಲೆ ಇಟ್ಟಿತು, ಕನ್ನಡಕ ಸಮೇತ. ಕಾಜಕ್ಕ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಕಪ್ಪು ಗುಡ್ಡೆಯ ಅಂಚಿನ ಅಕ್ಕಿಕಾಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈಯ ಎರಡು ಬೆರಳನ್ನು ಬಾಯಿಗೆ ಹಾಕಿದಳು.

“ನೋಯತ್ತಾ?” ಅಂತ ಗುಬ್ಬಿ ಬಾಯಿ ತೆರೆದುಕೊಂಡೇ ಕೇಳಿದಳು.

“ಒಂದು ಚೂರು ನೋಯತ್ತೆ. ಸುಳ್ಳು ಹೇಳಲ್ಲ.”

ಹಲ್ಲು ಬಂದಿದ್ದು ಅಲ್ಲಿದ್ದ ಯಾರಿಗೂ ಗೊತ್ತಾಗಲಿಲ್ಲ, ಗುಬ್ಬಿಗೂ. ಅಂಗೈಯಲ್ಲಿ ಹಿಡಿದು ತೋರಿಸಿದಾಗಲೇ ಅವಳು ಬಾಯೊಳಗೆ ನಾಲಗೆ ಆಡಿಸಿ ಸಂದು ಹುಡುಕಿದಳು. ಎದ್ದು ಕೂರುತ್ತಾಳೆ ಅಂದುಕೊಂಡರೆ ಏಳಲಿಲ್ಲ. ಇನ್ನಷ್ಟು ಒಳಕ್ಕೆ ಸರಿದು ಮಲಗಿ, ಅಜ್ಜಿಯ ಒದ್ದೆ ಕೈಯನ್ನು ಎಳೆದು ತಲೆಯ ಮೇಲೆ ಹಾಕಿಕೊಂಡಳು.

“ಪಕ್ಕದ ಹಲ್ಲೂ ಅಲ್ಲಾಡತ್ತೆ ಅಜ್ಜಿ,” ಅಂದಳು. “ನಾಳೆ ಅದನ್ನೂ ನೀನೇ ಕೀಳು.”